ಗುಟ್ಟು ಮುಚ್ಚಿಡಲು ಕಾಪಿರೈಟ್ ಬಳಸಬಹುದೇ? ಹಕ್ಕುಸ್ವಾಮ್ಯ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ಚರ್ಚೆ

ಹಳೆಹೊತ್ತಿಗೆ (ಚರ್ಚೆ ಆರಂಭಿಸಿದವರು):

ಜರ್ಮನಿಯ ಒಂದು ಪ್ರಕರಣದ ಬಗ್ಗೆ ಓದಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ. ಕಾನೂನು ಬಲ್ಲವರು, ಬರೆಯುವವರು, ಚಿತ್ರ ತೆಗೆಯುವವರು ಎಲ್ಲರೂ ಇಲ್ಲಿದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಅಫ್ಘಾನಿಸ್ತಾನದಲ್ಲಿದ್ದ ಜರ್ಮನ್ ಸೇನೆಯ ಬಗ್ಗೆ ಅಲ್ಲಿನ ರಕ್ಷಣಾ ಇಲಾಖೆ ಕೆಲವು ಸಂಸದರಿಗಾಗಿ ವಾರಕ್ಕೊಂದು ವರದಿ ಸಿದ್ಧಪಡಿಸುತ್ತಿತ್ತು. 2012ರಲ್ಲಿ ಒಂದು ಪತ್ರಿಕೆ ಆ ವರದಿಗಳನ್ನು ಕೇಳಿತು, ಇಲಾಖೆ ಕೊಡಲಿಲ್ಲ. ಬೇರೆ ಮೂಲದಿಂದ ಕೈಗೆ ಸಿಕ್ಕಾಗ ಪತ್ರಿಕೆ ತನ್ನ ಜಾಲತಾಣದಲ್ಲಿ ಪ್ರಕಟಿಸಿತು. ಯುದ್ಧದ ಕಡತ, ಸೇನೆಯ ವಿಷಯ. ರಹಸ್ಯ ಬಯಲು ಮಾಡಿದರೆಂದು ಸರ್ಕಾರ ಮೊಕದ್ದಮೆ ಹೂಡಿರಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಹೂಡಿದ್ದು ಕಾಪಿರೈಟ್ ಮೊಕದ್ದಮೆ. ಬರೆದವರು ನಾವು, ನಮ್ಮನ್ನು ಕೇಳದೆ ಪ್ರಕಟಿಸಿದ್ದೀರಿ, ತೆಗೆಯಿರಿ ಎಂಬ ವಾದ. ಕೆಳಗಿನ ನ್ಯಾಯಾಲಯಗಳಲ್ಲಿ ಸರ್ಕಾರವೇ ಗೆದ್ದಿತು! 2019ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಇಂಥ ಮಾಹಿತಿ ವರದಿಯನ್ನು ‘ಕೃತಿ’ ಅನ್ನುವಷ್ಟು ಸ್ವಂತಿಕೆ ಅದರಲ್ಲಿ ಇದೆಯೇ ಎಂದು ಮೊದಲು ನೋಡಿ ಎಂದಿತು. 2020ರಲ್ಲಿ ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ ಸರ್ಕಾರದ ದಾವೆಯನ್ನು ವಜಾ ಮಾಡಿತು. ಪತ್ರಿಕೆ ವರದಿ ಕೇಳಿದ ವರ್ಷಕ್ಕೂ ಕೊನೆಯ ತೀರ್ಪಿನ ವರ್ಷಕ್ಕೂ ಇರುವ ಅಂತರ ನೋಡಿ.

ಆ ವರದಿಗಳನ್ನು ಮಾರಿ ದುಡ್ಡು ಮಾಡುವ ಉದ್ದೇಶ ಸರ್ಕಾರಕ್ಕೆ ಇರಲೇ ಇಲ್ಲ. ಹಾಗಿದ್ದ ಮೇಲೆ ಅದು ಕಾಪಾಡಿಕೊಂಡದ್ದು ಏನನ್ನು? ಬರೆದವರ ಹೊಟ್ಟೆಪಾಡಿಗೆಂದು ಮಾಡಿದ ಕಾನೂನು ಓದುವವರ ಬಾಯಿ ಕಟ್ಟಲು ಬಳಕೆಯಾದರೆ ಅದನ್ನು ತಡೆಯುವ ಏರ್ಪಾಡು ಆ ಕಾನೂನಿನ ಒಳಗೇ ಇದೆಯೇ?

ಕಲಂ ಹತ್ತೊಂಬತ್ತು:

ಇದೆ ಸರ್. ಆದರೆ ಎಲ್ಲಿದೆ ಅನ್ನುವುದು ಮುಖ್ಯ.

ನಮ್ಮ ಸಂವಿಧಾನದಿಂದಲೇ ಶುರು ಮಾಡೋಣ. 19(1)(ಎ) ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುತ್ತದೆ. ಅದಕ್ಕೆ ನಿರ್ಬಂಧ ಹಾಕಲು ಯಾವ ಕಾರಣಗಳು ಸಲ್ಲುತ್ತವೆ ಎಂದು 19(2) ಪಟ್ಟಿ ಮಾಡುತ್ತದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ಭದ್ರತೆ, ವಿದೇಶಗಳೊಂದಿಗಿನ ಸ್ನೇಹಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ. ಕಾಪಿರೈಟ್ ಈ ಪಟ್ಟಿಯಲ್ಲಿ ಹೆಸರು ಹಿಡಿದು ಇಲ್ಲ. ಆದರೂ 1957ರ ಕೃತಿಸ್ವಾಮ್ಯ ಕಾಯ್ದೆ ನಿಂತಿದೆ. ಅದು ನಿಂತಿರುವುದು ಅದರೊಳಗಿನ ಎರಡು ಬಾಗಿಲುಗಳಿಂದ ಎಂಬುದು ನನ್ನ ಅಭಿಪ್ರಾಯ.

ಮೊದಲನೆಯದು, ವಿಚಾರಕ್ಕೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ಹೇಳಿದ ರೂಪಕ್ಕೆ ಮಾತ್ರ. 1978ರಲ್ಲಿ ಸುಪ್ರೀಂ ಕೋರ್ಟ್ ಒಂದು ನಾಟಕ ಮತ್ತು ಒಂದು ಸಿನಿಮಾದ ನಡುವಿನ ಜಗಳದಲ್ಲಿ ಇದನ್ನು ಖಚಿತಪಡಿಸಿತು: ವಸ್ತು ಒಂದೇ ಆದ ಮಾತ್ರಕ್ಕೆ ಉಲ್ಲಂಘನೆ ಆಗುವುದಿಲ್ಲ. ಎರಡನೆಯದು 52ನೇ ಸೆಕ್ಷನ್. ವಿಮರ್ಶೆಗೆ, ಸಂಶೋಧನೆಗೆ, ಪ್ರಚಲಿತ ವಿದ್ಯಮಾನ ವರದಿ ಮಾಡುವುದಕ್ಕೆ ನ್ಯಾಯೋಚಿತ ಬಳಕೆ ಉಲ್ಲಂಘನೆಯಲ್ಲ. ಸಾರ್ವಜನಿಕವಾಗಿ ಮಾಡಿದ ಭಾಷಣದ ವರದಿಯೂ ಅದರಲ್ಲಿ ಸೇರಿದೆ. 52ನೇ ಸೆಕ್ಷನ್ನಿನ ಮೂಲ ಉದ್ದೇಶವೇ 19(1)ರ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಕಾಯುವುದು ಎಂದು ದೆಹಲಿ ಹೈಕೋರ್ಟ್ 1996ರಲ್ಲಿ ಹೇಳಿದೆ. ಅಮೆರಿಕದ ಸುಪ್ರೀಂ ಕೋರ್ಟ್ 2003ರಲ್ಲಿ ಹಕ್ಕುಸ್ವಾಮ್ಯದ ಅವಧಿಯನ್ನು 20 ವರ್ಷ ಹಿಗ್ಗಿಸಿದ ಕಾಯ್ದೆಯನ್ನು ಎತ್ತಿಹಿಡಿದಾಗಲೂ ಈ ಎರಡೇ ಕಾರಣ ಕೊಟ್ಟಿತು.

ಹಾಗಾಗಿ ವಿನಾಯಿತಿ ಅನ್ನುವುದು ಹಕ್ಕುದಾರರು ಕೊಡುವ ದಾನವಲ್ಲ. ಅದನ್ನು ಕಿತ್ತರೆ ಇಡೀ ಕಾಯ್ದೆಯೇ 19ನೇ ವಿಧಿಯ ಮುಂದೆ ಉತ್ತರ ಹೇಳಬೇಕಾಗುತ್ತದೆ.

ಬೆಳಕುಗಿಂಡಿ:

ಸರ್ಕಾರ, ದೊಡ್ಡ ಕಂಪನಿ, ದೊಡ್ಡ ಪತ್ರಿಕೆ... ಉದಾಹರಣೆ ಎಲ್ಲಾ ಅಲ್ಲಿಂದಲೇ ಬರುತ್ತಿವೆ. ನನ್ನಂಥವರ ಕಡೆಯಿಂದಲೂ ಒಂದು ಮಾತು ಕೇಳಿ.

ನಾನು ಸುದ್ದಿ ಛಾಯಾಗ್ರಾಹಕಿ, ಯಾವ ಸಂಸ್ಥೆಯಲ್ಲೂ ಇಲ್ಲ. ಪ್ರವಾಹದಲ್ಲಿ ಮನೆ ಕಳೆದುಕೊಂಡ ಒಬ್ಬ ಹೆಂಗಸಿನ ಚಿತ್ರ ತೆಗೆದಿದ್ದೆ. ಅವರ ಪಕ್ಕ ಕೂತು, ಮಾತಾಡಿಸಿ, ಒಪ್ಪಿಗೆ ತಗೊಂಡು ತೆಗೆದದ್ದು. ಕೆಳಗಿನ ಮೂಲೆಯಲ್ಲಿದ್ದ ನನ್ನ ಹೆಸರನ್ನು ಕತ್ತರಿಸಿ ಯಾರೋ ಅದನ್ನು ಪೋಸ್ಟರ್ ಮಾಡಿದರು. ನೆಲೆ ಕಳೆದುಕೊಂಡವರನ್ನೇ ಅಕ್ರಮವಾಗಿ ಬಂದವರು ಎಂದು ಹೀಯಾಳಿಸುವ ಪೋಸ್ಟರ್. ಅದು ಅವರ ಅಭಿವ್ಯಕ್ತಿ ಸ್ವಾತಂತ್ರ್ಯವೇ? ಆ ಚಿತ್ರ ನನ್ನ ಮಾತು. ನಾನು ಹೇಳದೇ ಇದ್ದದ್ದನ್ನು, ಹೇಳಲು ಹೇಸುವುದನ್ನು ನನ್ನ ಬಾಯಿಂದ ಹೇಳಿಸಿದರು. ಆ ಹೆಂಗಸಿಗೆ ನಾನು ಏನು ಉತ್ತರ ಕೊಡಲಿ? ಆಗ ನನ್ನ ಕೈಯಲ್ಲಿ ಇದ್ದ ಆಯುಧ ಕಾಪಿರೈಟ್ ಒಂದೇ. ದೂರು ಕೊಟ್ಟೆ, ಪೋಸ್ಟರ್ ಇಳಿಯಿತು.

ನಿಮ್ಮ ಚರ್ಚೆ ಮುಗಿಯುವಷ್ಟರಲ್ಲಿ ಆ ಆಯುಧವನ್ನು ಕಿತ್ತುಕೊಳ್ಳಬೇಡಿ ಅಂತಷ್ಟೇ ಕೇಳುತ್ತೇನೆ.

ಮೊಳೆಜೋಡಣೆ:

ಬೆಳಕುಗಿಂಡಿ ಮೇಡಂ ಹೇಳಿದ್ದಕ್ಕೆ ನನ್ನ ಪೂರ್ತಿ ಬೆಂಬಲ. ಸಣ್ಣ ಪ್ರಕಾಶನ ನಡೆಸುವವನಾಗಿ ಹೇಳುತ್ತೇನೆ: ಪುಸ್ತಕ ಬಂದ ವಾರವೇ ಅದರ ಪಿಡಿಎಫ್ ಗುಂಪುಗಳಲ್ಲಿ ಓಡಾಡಿದರೆ ಮುಂದಿನ ಪುಸ್ತಕ ಬರುವುದಿಲ್ಲ. ಬಾರದ ಪುಸ್ತಕವೂ ಕಳೆದುಹೋದ ಮಾತೇ ತಾನೇ? 1985ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹಕ್ಕುಸ್ವಾಮ್ಯವನ್ನು ಮುಕ್ತ ಅಭಿವ್ಯಕ್ತಿಯ ಯಂತ್ರ ಎಂದು ಕರೆದಿದ್ದು ಇದಕ್ಕೇ.

ಹಳೆಹೊತ್ತಿಗೆ:

ಅದೇ 1985ರ ಪ್ರಕರಣದ ವಿವರ ನೋಡಿದರೆ ನನಗೆ ಕಸಿವಿಸಿ ಆಗುತ್ತದೆ ಸರ್. ಮಾಜಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರ ಆತ್ಮಕಥೆ ಅಚ್ಚಾಗುವ ಮೊದಲೇ ಒಂದು ಪತ್ರಿಕೆ ಅದರ ಹಸ್ತಪ್ರತಿಯಿಂದ ಸುಮಾರು 300 ರಿಂದ 400 ಪದಗಳನ್ನು ಎತ್ತಿ ಲೇಖನ ಬರೆಯಿತು. ಇಡೀ ಪುಸ್ತಕ ಸುಮಾರು 2 ಲಕ್ಷ ಪದಗಳದ್ದು. ಎತ್ತಿದ ಭಾಗದ ತಿರುಳು, ತಮಗಿಂತ ಮುಂಚೆ ಅಧ್ಯಕ್ಷರಾಗಿದ್ದ ನಿಕ್ಸನ್‌ಗೆ ಕ್ಷಮಾದಾನ ಕೊಟ್ಟದ್ದೇಕೆ ಎಂಬುದು. ದೇಶದ ಜನ ತಿಳಿಯಲೇಬೇಕಾದ ವಿಷಯ ಅದಕ್ಕಿಂತ ಇನ್ನೇನಿದೆ? ಆದರೂ ಪತ್ರಿಕೆ ಸೋತಿತು. ಪುಸ್ತಕದ ಹೃದಯವನ್ನೇ, ಅದೂ ಪ್ರಕಟಣೆಗೆ ಮುಂಚೆ ತೆಗೆದುಕೊಂಡಿತು ಎಂಬುದು ಕಾರಣ. ಮಾಹಿತಿಯನ್ನು ನಿಮ್ಮ ಮಾತಲ್ಲಿ ಹೇಳಬಹುದಿತ್ತು ಎಂದರು. ಅಧಿಕಾರದಲ್ಲಿದ್ದವನು ತನ್ನ ತೀರ್ಮಾನಕ್ಕೆ ಯಾವ ಪದ ಬಳಸಿದ ಅನ್ನುವುದೇ ಸುದ್ದಿ ಆದಾಗ ‘ನಿಮ್ಮ ಮಾತಲ್ಲಿ ಹೇಳಿ’ ಅಂದರೆ ಹೇಗೆ? ಸಾರಾಂಶ ಬರೆದರೆ ಅವನು ಹಾಗೆ ಹೇಳಿಯೇ ಇಲ್ಲ ಎಂದು ನಾಳೆ ನಿರಾಕರಿಸುತ್ತಾನೆ.

ಬೆಳಕುಗಿಂಡಿ ಅವರೇ, ನಿಮ್ಮ ಆಯುಧ ನಿಮ್ಮ ಬಳಿಯೇ ಇರಲಿ. ಅದೇ ಆಯುಧ ಬೇರೆಯವರ ಕೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ನನ್ನ ಚಿಂತೆ.

ದೃಶ್ಯದಾಚೆ:

ಹೇಗೆ ಕೆಲಸ ಮಾಡುತ್ತದೆ ಅಂತ ನಾನು ಹೇಳ್ತೀನಿ. ನಂದು ಸಣ್ಣ ವಿಡಿಯೋ ಚಾನೆಲ್. ಅಧಿಕಾರದಲ್ಲಿರುವವರ ಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟು ಪರಿಶೀಲಿಸುವುದು ನಮ್ಮ ಕೆಲಸ. ಒಬ್ಬ ಜನಪ್ರತಿನಿಧಿ ತುಂಬಿದ ಸಭೆಯಲ್ಲಿ ಆಡಿದ ಮಾತನ್ನು ಆಮೇಲೆ ‘ನಾನು ಹಾಗಂದೇ ಇಲ್ಲ’ ಅಂದರು. ಸಭೆಯ ದೃಶ್ಯ ಇದ್ದದ್ದು ಒಂದು ಸುದ್ದಿ ವಾಹಿನಿಯ ಬಳಿ ಮಾತ್ರ. ಅದರಿಂದ ಮಾತಿನ ಆ ತುಂಡನ್ನಷ್ಟೇ ತಗೊಂಡು, ವಾಹಿನಿಯ ಹೆಸರು ಹಾಕಿ, ಹಿಂದೆ ಮುಂದೆ ನಮ್ಮ ವಿಶ್ಲೇಷಣೆ ಇಟ್ಟು ಹಾಕಿದೆವು. ಎರಡು ಹೇಳಿಕೆಗಳ ಬಗ್ಗೆ ಜನ ಮಾತಾಡಲು ಶುರು ಮಾಡಿದ್ದರು, ಅಷ್ಟರಲ್ಲಿ ವಿಡಿಯೋ ಇಲ್ಲ. ಕಾಪಿರೈಟ್ ದೂರು, ಸ್ಟ್ರೈಕ್, ಅಂದರೆ ಚಾನೆಲ್ ಮೇಲೆ ಎಚ್ಚರಿಕೆಯ ಗುರುತು.

ಯೂಟ್ಯೂಬ್‌ನಲ್ಲಿ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಒಂದು ಸ್ಟ್ರೈಕ್ ಮಾಸಲು 90 ದಿನ. ಆ 90 ದಿನ ಮುಂದಿನ ವಿಡಿಯೋ ಎಡಿಟ್ ಮಾಡುವಾಗ ಕೈ ತಾನಾಗೇ ಹಿಂದೆ ಸರಿಯುತ್ತದೆ. ಈ ದೃಶ್ಯ ಬೇಡ, ಇವರ ಕ್ಲಿಪ್ ಬೇಡ. ಯಾವ ಕೋರ್ಟೂ ನನಗೆ ಬೇಡ ಅಂದಿಲ್ಲ, ನಾನೇ ಅಂದುಕೊಳ್ತೀನಿ.

ದೂರು ತಪ್ಪು ಅಂತ ಉತ್ತರವಾಗಿ ಕೌಂಟರ್ ನೋಟಿಸ್ ಕೊಡಬಹುದಲ್ಲ ಅಂತೀರಿ. ಅರ್ಜಿ ತೆರೆದು ನೋಡಿ. ಪೂರ್ತಿ ಹೆಸರು, ವಿಳಾಸ, ಫೋನ್ ನಂಬರ್ ಕೊಡಬೇಕು. ಅದು ದೂರು ಕೊಟ್ಟವರಿಗೇ ಹೋಗುತ್ತದೆ ಎಂದು ಕೆಳಗೆ ಬರೆದಿರುತ್ತದೆ, ಅದಕ್ಕೆ ಒಪ್ಪಿಗೆಯ ಗುರುತು ಹಾಕಬೇಕು. ತಪ್ಪು ಹೇಳಿದ್ದರೆ ಸುಳ್ಳು ಪ್ರಮಾಣದ ಹೊಣೆ ನನ್ನದು ಎಂದೂ ಒಪ್ಪಬೇಕು. ಅಧಿಕಾರಸ್ಥರನ್ನು ಪ್ರಶ್ನಿಸುವ ಚಾನೆಲ್ ನಡೆಸುವ ಹುಡುಗಿ ತನ್ನ ಮನೆ ವಿಳಾಸ ಬರೆದು ಕೊಡಬೇಕು. ಆ ಪುಟದ ಮುಂದೆ ಕೂತು ನಾನು ಗುರುತು ಹಾಕದೆ ಎದ್ದುಬಂದೆ. ವಿಡಿಯೋ ಇವತ್ತಿಗೂ ಇಲ್ಲ.

ಕಲಂ ಹತ್ತೊಂಬತ್ತು ಸರ್ ಹೇಳಿದ ಎರಡು ಬಾಗಿಲೂ ಇವೆ, ನಿಜ. ಅಲ್ಲಿಗೆ ಹೋಗಿ ತಲುಪುವಷ್ಟರಲ್ಲಿ ಮಾತಿನ ಹೊತ್ತು ಮೀರಿರುತ್ತದೆ.

ಕಲಂ ಹತ್ತೊಂಬತ್ತು:

ವಿಳಾಸದ ವಿಷಯಕ್ಕೆ ಮೊದಲು ಉತ್ತರ ಕೊಡುತ್ತೇನಮ್ಮ, ಬೇರೆಯವರಿಗೂ ಉಪಯೋಗಕ್ಕೆ ಬರುತ್ತದೆ. ಕೌಂಟರ್ ನೋಟಿಸನ್ನು ನಿಮ್ಮ ಪರವಾಗಿ ವಕೀಲರು ಕಳಿಸಬಹುದು. ದೂರುದಾರರು 10 ಕೆಲಸದ ದಿನಗಳ ಒಳಗೆ ಮೊಕದ್ದಮೆ ಹೂಡಿದ ದಾಖಲೆ ತೋರಿಸದಿದ್ದರೆ ವಿಡಿಯೋ ಮರಳಿ ಬರಬೇಕು. ನೀವು ಹೇಳಿದ ವಿವರ ನಿಜವಿದ್ದರೆ ಅದು 52ನೇ ಸೆಕ್ಷನ್ನಿನ ನಡುಮಧ್ಯದಲ್ಲೇ ಬೀಳುವ ಬಳಕೆ.

ಉಳಿದದ್ದಕ್ಕೆ ನಿಮ್ಮ ಮಾತೇ ಸರಿ. ನ್ಯಾಯೋಚಿತ ಬಳಕೆಯನ್ನು ನಾವು ಹಕ್ಕು ಅನ್ನುತ್ತೇವೆ, ಆದರೆ ಕಟಕಟೆಯಲ್ಲಿ ಅದು ಪ್ರತಿವಾದ. ಯಾರೋ ಆರೋಪ ಹೊರಿಸಿದ ಮೇಲೆಯೇ ಅದಕ್ಕೆ ಬಾಯಿ ಬರುತ್ತದೆ. ಜಾಲತಾಣಗಳ ಕಾಲದಲ್ಲಿ ಆರೋಪಕ್ಕೂ ತೀರ್ಮಾನಕ್ಕೂ ನಡುವೆ ಮಾತು ನಿಂತುಹೋಗಿರುತ್ತದೆ. ನಮ್ಮ 2013ರ ಕೃತಿಸ್ವಾಮ್ಯ ನಿಯಮಗಳಲ್ಲಿ ಲಿಖಿತ ದೂರು ಬಂದರೆ ಮಧ್ಯವರ್ತಿ, ಅಂದರೆ ಜಾಲತಾಣ ನಡೆಸುವವರು, 36 ಗಂಟೆಯೊಳಗೆ ತಡೆಹಿಡಿಯಬೇಕು. ದೂರುದಾರರು 21 ದಿನದಲ್ಲಿ ಕೋರ್ಟ್ ಆದೇಶ ತಾರದಿದ್ದರೆ ಮತ್ತೆ ತೆರೆಯಬಹುದು. ‘ಬಹುದು’ ಅಷ್ಟೇ. ಮತದಾನಕ್ಕೆ ಮುಂಚಿನ 21 ದಿನ ಅಂದರೆ ಎಷ್ಟು ಅಂತ ಯೋಚಿಸಿ.

ಇನ್ನೊಂದು ಹೆದರಿಕೆಯನ್ನು ಯಾರೂ ಪ್ರಸ್ತಾಪಿಸಲಿಲ್ಲ. ನಮ್ಮಲ್ಲಿ ಉಲ್ಲಂಘನೆ ಕ್ರಿಮಿನಲ್ ಅಪರಾಧವೂ ಹೌದು. 63ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು. ಅದು ಜಾಮೀನುರಹಿತ ಅಪರಾಧ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗೋದಾಮು ತುಂಬ ನಕಲಿ ಪುಸ್ತಕ ಅಚ್ಚು ಹಾಕುವವನಿಗೂ, ಉದ್ಧರಣೆ ಸ್ವಲ್ಪ ಉದ್ದವಾಯಿತು ಎಂದು ಯಾರೋ ದೂರು ಕೊಟ್ಟ ವಿಮರ್ಶಕನಿಗೂ ಅದೇ ಸೆಕ್ಷನ್ನಿನ ಭಯ.

ಸಾಲುಕೋಡ್:

ತಂತ್ರಜ್ಞಾನದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ದೂರಿನಲ್ಲಿ ಎರಡು ಬಗೆ ಇವೆ, ಬೆರೆಸಬೇಡಿ. ದೃಶ್ಯದಾಚೆ ಅವರದು ಮನುಷ್ಯರೇ ಅರ್ಜಿ ತುಂಬಿ ಕೊಟ್ಟ ಕಾನೂನು ದೂರು. ಬಹುಪಾಲು ನಡೆಯುವುದು ಅದಲ್ಲ, ಯೂಟ್ಯೂಬಿನ ಕಂಟೆಂಟ್ ಐಡಿಯಂಥ ಯಂತ್ರದ ಹೋಲಿಕೆ. ಹಕ್ಕುದಾರರು ಕೊಟ್ಟ ಹಾಡು, ದೃಶ್ಯದಿಂದ ಒಂದು ಬೆರಳಚ್ಚು ತಯಾರಾಗುತ್ತದೆ, ನೀವು ಹಾಕಿದ ವಿಡಿಯೋವನ್ನು ಅದರ ಜೊತೆ ತಾಳೆ ನೋಡುತ್ತಾರೆ. ತಾಳೆ ಆಯಿತೋ ಇಲ್ಲವೋ ಅಷ್ಟೇ ಅದಕ್ಕೆ ಗೊತ್ತಾಗುವುದು. ತುಣುಕು ಯಾಕೆ ಬಂತು, ಹೊಗಳಲಿಕ್ಕೋ ತೆಗಳಲಿಕ್ಕೋ ಸಾಕ್ಷಿಗೋ, ಅದನ್ನು ಬೆರಳಚ್ಚಿನಿಂದ ಓದಲು ಆಗುವುದಿಲ್ಲ. ನ್ಯಾಯೋಚಿತ ಬಳಕೆಯ ಪ್ರಶ್ನೆ ಪೂರ್ತಿ ಆ ‘ಯಾಕೆ’ಯಲ್ಲೇ ಇದೆ.

ಯೂಟ್ಯೂಬ್ ತಾನೇ ಪ್ರಕಟಿಸಿದ ಲೆಕ್ಕ: 2021ರ ಮೊದಲ ಆರು ತಿಂಗಳಲ್ಲಿ ಯಂತ್ರದ ಹೋಲಿಕೆಯಿಂದ ಬಂದ ಇಂಥ ಕ್ಲೇಮುಗಳು (ಹಕ್ಕು ಕೋರಿಕೆಗಳು) 72 ಕೋಟಿಗೂ ಹೆಚ್ಚು. ಅದರಲ್ಲಿ ತಕರಾರು ಬಂದದ್ದು ಸುಮಾರು 37 ಲಕ್ಷಕ್ಕೆ. ತಕರಾರು ಮಾಡಿದವುಗಳಲ್ಲಿ ಶೇ. 60ರಷ್ಟು ವಿಡಿಯೋ ಹಾಕಿದವರ ಪರವಾಗಿ ಮುಗಿದವು. ತಕರಾರು ಶೇ. 1ಕ್ಕಿಂತ ಕಡಿಮೆ, ಹಾಗಾಗಿ ವ್ಯವಸ್ಥೆ ಸರಿಯಿದೆ ಅನ್ನುತ್ತಾರೆ ಕೆಲವರು. ನಾನು ಶೇ. 60ರ ಅಂಕಿಯನ್ನೇ ನೋಡುತ್ತೇನೆ. ಬಾಯಿ ಬಿಟ್ಟು ಕೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮಾತು ಸರಿಯಿತ್ತು ಅಂದರೆ ಕೇಳದೆ ಸುಮ್ಮನಾದವರಲ್ಲಿ ಎಷ್ಟು ಜನ ಸರಿಯಿದ್ದರು?

ಮೊಳೆಜೋಡಣೆ:

ಹಾಗೆ ಲೆಕ್ಕ ಹಾಕುವುದು ಸರಿಯಲ್ಲ ಅನಿಸುತ್ತದೆ. ತಕರಾರು ಮಾಡುವವರು ತಮ್ಮದು ಗಟ್ಟಿ ಅಂತ ಗೊತ್ತಿರುವವರು. ಸುಮ್ಮನಿದ್ದವರಲ್ಲಿ ಬಹಳಷ್ಟು ಜನ ಇಡೀ ಹಾಡನ್ನೇ, ಇಡೀ ಸಿನಿಮಾವನ್ನೇ ಹಾಕಿದವರಿರುತ್ತಾರೆ.

ಸಾಲುಕೋಡ್:

ಒಪ್ಪುತ್ತೇನೆ, ಶೇ. 60 ಅನ್ನು ಎಲ್ಲರಿಗೂ ಹಚ್ಚಲು ಬರುವುದಿಲ್ಲ. ಆದರೆ ದೃಶ್ಯದಾಚೆ ಅವರೂ ಸುಮ್ಮನಾದವರ ಲೆಕ್ಕಕ್ಕೇ ಸೇರುತ್ತಾರೆ ಅನ್ನುವುದನ್ನು ಮರೆಯಬೇಡಿ. ಮೌನಕ್ಕೆ ಕಾರಣ ಕೇಳುವ ಅಂಕಣ ಆ ಲೆಕ್ಕದಲ್ಲಿ ಇಲ್ಲ.

ಹಳೆಹೊತ್ತಿಗೆ:

ಈ ಯಂತ್ರದ ಕುರುಡುತನ ಗೊತ್ತಿರುವವರು ಅದನ್ನು ಬಳಸಿಕೊಂಡೂ ಇದ್ದಾರೆ. 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ತಮ್ಮನ್ನು ಚಿತ್ರೀಕರಿಸುತ್ತಿದ್ದವರ ಎದುರು ಪೊಲೀಸರು ಫೋನ್ ತೆಗೆದು ಜನಪ್ರಿಯ ಹಾಡು ಹಾಕಿದ ಘಟನೆಗಳು ನಡೆದವು. ಓಕ್ಲಂಡ್‌ನಲ್ಲಿ ಒಬ್ಬ ಅಧಿಕಾರಿ ಕ್ಯಾಮೆರಾ ನೋಡಿಯೇ ಹೇಳಿದ: ಎಷ್ಟು ಬೇಕಾದರೂ ರೆಕಾರ್ಡ್ ಮಾಡಿ, ಯೂಟ್ಯೂಬಿಗೆ ಹಾಕಲು ಆಗುವುದಿಲ್ಲ. ಹಾಡು ಕಟ್ಟಿದವರನ್ನು ಯಾರೂ ಕೇಳಲಿಲ್ಲ. ಅವರ ಹಕ್ಕನ್ನು ಮುಂದಿಟ್ಟುಕೊಂಡು ನಾಗರಿಕನ ಬಾಯಿ ಮುಚ್ಚಿಸಲು ನೋಡಿದರು.

ಇದಕ್ಕಿಂತ ಹಳೆಯದು ಡೀಬೋಲ್ಡ್ ಪ್ರಕರಣ. ಮತಯಂತ್ರ ತಯಾರಿಸುತ್ತಿದ್ದ ಈ ಅಮೆರಿಕನ್ ಕಂಪನಿಯ ಒಳಗಿನ ಇಮೇಲ್‌ಗಳು 2003ರಲ್ಲಿ ಹೊರಬಿದ್ದವು. ಯಂತ್ರದ ದೋಷಗಳ ಬಗ್ಗೆ ಅದರ ಸಿಬ್ಬಂದಿಯೇ ಬರೆದುಕೊಂಡ ಮಾತುಗಳು. ವಿದ್ಯಾರ್ಥಿಗಳು ಅವನ್ನು ಅಂತರ್ಜಾಲಕ್ಕೆ ಹಾಕಿದರೆ ಕಂಪನಿ ಕಾಪಿರೈಟ್ ನೋಟಿಸ್ ಕಳಿಸಿತು. 2004ರಲ್ಲಿ ನ್ಯಾಯಾಲಯ, ಇದಕ್ಕೆ ಹಕ್ಕುಸ್ವಾಮ್ಯದ ರಕ್ಷಣೆ ಇಲ್ಲವೆಂದು ಗೊತ್ತಿದ್ದೂ ಕಂಪನಿ ನೋಟಿಸ್ ಕೊಟ್ಟಿದೆ ಎಂದಿತು. ಕಂಪನಿ 1,25,000 ಡಾಲರ್ ತೆತ್ತಿತು. ಸುಳ್ಳು ನೋಟಿಸಿಗೆ ಬೆಲೆ ತೆತ್ತ ಇಂಥ ಉದಾಹರಣೆ ಬಹಳ ಅಪರೂಪ, ಯಾಕೆಂದರೆ ‘ಗೊತ್ತಿದ್ದೂ’ ಅನ್ನುವುದನ್ನು ಸಾಬೀತು ಮಾಡುವ ಹೊಣೆ ನೋಟಿಸ್ ಪಡೆದವನ ಮೇಲಿರುತ್ತದೆ.

ನಿಜ ಹೇಳಬೇಕೆಂದರೆ ಈ ಕಾನೂನಿನ ಬೇರು ಅಲ್ಲೇ ಇದೆ. 1557ರಲ್ಲಿ ಇಂಗ್ಲೆಂಡಿನ ರಾಣಿ ಮೇರಿ ಲಂಡನ್ನಿನ ಮುದ್ರಕರ ಸಂಘಕ್ಕೆ ಸನ್ನದು ಕೊಟ್ಟದ್ದು ರಾಜದ್ರೋಹ, ಧರ್ಮದ್ರೋಹದ ಪುಸ್ತಕಗಳನ್ನು ಹುಡುಕಿ ಹಿಡಿಯಲಿ ಎಂದು. ಪ್ರತಿಯಾಗಿ ಮುದ್ರಣದ ಏಕಸ್ವಾಮ್ಯ. 1695ರಲ್ಲಿ ಪರವಾನಗಿ ಕಾಯ್ದೆ ಬಿದ್ದುಹೋದ ಮೇಲೆ, 1710ರಲ್ಲಿ ಆನ್ ರಾಣಿಯ ಕಾಲದ ಕಾಯ್ದೆ ಹಕ್ಕನ್ನು ಬರೆದವನ ಹೆಸರಿಗೆ ತಂದಿತು, ಅದೂ 14 ವರ್ಷಕ್ಕೆ, ಬದುಕಿದ್ದರೆ ಇನ್ನೊಂದು 14ಕ್ಕೆ. ಈಗ ನಮ್ಮಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ.

ಬೆಳಕುಗಿಂಡಿ:

ದೃಶ್ಯದಾಚೆ, ನಿಮಗೆ ಆದದ್ದು ಅನ್ಯಾಯ. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹೊತ್ತು ಮೀರುವುದು ನಿಮಗೆ ಮಾತ್ರ ಅಂದುಕೊಳ್ಳಬೇಡಿ. ಆ ಪೋಸ್ಟರ್ ಇರುವವರೆಗೆ ಪ್ರತಿ ಗಂಟೆಯೂ ಹಂಚಿಕೆಯಾಗುತ್ತಿತ್ತು. ಮೊದಲು ವಿಚಾರಣೆ, ಆಮೇಲೆ ತೆಗೆಯುವುದು ಎಂದು ನಿಯಮ ಬಂದರೆ ನಾನು ವಿಚಾರಣೆಯ ದಿನಕ್ಕೆ ಕಾಯುತ್ತಾ ಕೂರಬೇಕು. ಸುಮ್ಮನೆ ಕಾಯಬೇಕಾದವರು ಯಾರು ಅನ್ನುವುದೇ ಇಲ್ಲಿಯ ಜಗಳ. ಈಗ ನೀವು ಕಾಯುತ್ತಿದ್ದೀರಿ, ಬದಲಾದರೆ ನಾನು.

ಕಲಂ ಹತ್ತೊಂಬತ್ತು:

ಬೆಳಕುಗಿಂಡಿ ಅವರು ಗಂಟು ಇರುವ ಜಾಗಕ್ಕೇ ಕೈ ಹಾಕಿದರು. ಕಾಯುವ ಹೊರೆಯನ್ನು ಬೇರೆ ಬೇರೆ ದೇಶ ಬೇರೆ ಬೇರೆ ಹೆಗಲಿಗೆ ಹಾಕಿವೆ. ಕೆನಡಾದಲ್ಲಿ 2015ರಿಂದ ಇರುವ ಕ್ರಮದಲ್ಲಿ ಅಂತರ್ಜಾಲ ಸೇವೆ ಕೊಡುವವರು ದೂರನ್ನು ಗ್ರಾಹಕರಿಗೆ ತಲುಪಿಸಬೇಕು, ಅಷ್ಟೇ. ತೆಗೆಸಬೇಕೆಂದರೆ ಕೋರ್ಟಿಗೆ ಹೋಗಿ. ಯುರೋಪಿನ 2019ರ ನಿರ್ದೇಶನ ಅದಕ್ಕೆ ವಿರುದ್ಧ ದಿಕ್ಕಿನದು, ದೊಡ್ಡ ವೇದಿಕೆಗಳು ಹಾಕುವಾಗಲೇ ತಡೆಯಲು ಪ್ರಯತ್ನಿಸಬೇಕು. ಅದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಪೋಲೆಂಡ್ ಪ್ರಶ್ನಿಸಿತು. 2022ರ ಏಪ್ರಿಲ್‌ನಲ್ಲಿ ಒಕ್ಕೂಟದ ನ್ಯಾಯಾಲಯ ಆ ವಿಧಿಯನ್ನು ಉಳಿಸಿತು, ಆದರೆ ಒಂದು ಗೆರೆ ಎಳೆಯಿತು: ಕಾನೂನುಬದ್ಧವಾದದ್ದು ಯಾವುದು, ಅಲ್ಲದ್ದು ಯಾವುದು ಎಂದು ಸರಿಯಾಗಿ ಬೇರ್ಪಡಿಸಲಾಗದ ಜರಡಿಯನ್ನು ಬಳಸುವಂತಿಲ್ಲ.

ನಮ್ಮ ಕಾಯ್ದೆಯಲ್ಲೂ ಒಂದು ಸೆಕ್ಷನ್ ಮೂಲೆಯಲ್ಲಿ ಕೂತಿದೆ, 60ನೆಯದು. ಆಧಾರವಿಲ್ಲದೆ ಕಾಪಿರೈಟ್ ಮೊಕದ್ದಮೆಯ ಬೆದರಿಕೆ ಹಾಕಿದರೆ ಬೆದರಿಕೆಗೆ ಒಳಗಾದವರೇ ದಾವೆ ಹೂಡಿ ತಡೆಯಾಜ್ಞೆ, ನಷ್ಟ ಪರಿಹಾರ ಕೇಳಬಹುದು. ಸಣ್ಣವರು ಇದನ್ನು ಬಳಸುವುದನ್ನು ನಾನು ಹೆಚ್ಚು ನೋಡಿಲ್ಲ, ವಕೀಲರ ಖರ್ಚೇ ಅಡ್ಡ ಬರುತ್ತದೆ. ಸುಳ್ಳು ಟೇಕ್‌ಡೌನ್ ದೂರಿಗೂ ಇಂಥದ್ದೇ, ಕೋರ್ಟಿಗೆ ಹೋಗದೆ ಸಿಗುವ ಒಂದು ದಂಡ ಬೇಕು. ದೂರು ಕೊಡುವವರಿಗೆ ಏನೂ ಖರ್ಚಿಲ್ಲ, ಉತ್ತರ ಕೊಡುವವರಿಗೆ ಮನೆ ವಿಳಾಸದಿಂದ ಹಿಡಿದು ಎಲ್ಲವೂ ಖರ್ಚು ಅನ್ನುವ ಪರಿಸ್ಥಿತಿ ಇರುವವರೆಗೆ 52ನೇ ಸೆಕ್ಷನ್ ಎಷ್ಟು ಚೆನ್ನಾಗಿ ಬರೆದಿದ್ದರೂ ದೃಶ್ಯದಾಚೆಯಂಥವರಿಗೆ ಅದು ತಲುಪುವುದಿಲ್ಲ.

ದೃಶ್ಯದಾಚೆ:

ಹಾಗಾದರೆ ಎಲ್ಲದಕ್ಕೂ ಒಂದೇ ಕ್ರಮ ಯಾಕೆ? ಬೆಳಕುಗಿಂಡಿ ಅಕ್ಕ, ನಿಮ್ಮ ಚಿತ್ರವನ್ನು ಇಡಿಯಾಗಿ ಎತ್ತಿ, ಹೆಸರು ಕತ್ತರಿಸಿ ಹಾಕಿದವರದ್ದನ್ನು ಮೊದಲು ತೆಗೆಯಲಿ, ಆಮೇಲೆ ಕೇಳಲಿ. ಒಂದು ತುಣುಕು ಇಟ್ಟು, ಮೂಲ ಹೇಳಿ, ಅದರ ಬಗ್ಗೆಯೇ ಮಾತಾಡಿದ್ದರೆ ಮೊದಲು ನಮ್ಮ ಉತ್ತರ ಕೇಳಲಿ, ಆಮೇಲೆ ತೆಗೆಯುವ ಮಾತು. ದೂರಿನ ಅರ್ಜಿಯಲ್ಲೇ ‘ಇದು ವಿಮರ್ಶೆ ಅಥವಾ ವರದಿಯ ಭಾಗವೇ? ಅಲ್ಲ ಅಂತ ಯಾಕೆ ಅನ್ನುತ್ತೀರಿ?’ ಎಂದು ಕೇಳಿ, ಆ ಉತ್ತರಕ್ಕೂ ನನಗಿರುವಷ್ಟೇ ಪ್ರಮಾಣದ ಹೊಣೆ ಹಾಕಲಿ.

ಸಾಲುಕೋಡ್:

ಯಂತ್ರಕ್ಕೂ ಇದು ಮಾಡಬಹುದಾದ ಕೆಲಸ. ಹಾಕಿದ ವಿಡಿಯೋದಲ್ಲಿ ಹೋಲಿಕೆಯಾದ ಭಾಗ ಎಷ್ಟು, ಮೂಲ ಕೃತಿಯಲ್ಲಿ ಅದು ಎಷ್ಟನೇ ಪಾಲು ಅನ್ನುವುದು ಬೆರಳಚ್ಚಿನಿಂದ ಸಿಗುವ ಲೆಕ್ಕವೇ. ಚಿಕ್ಕ ಪಾಲು ಇದ್ದರೆ ತಾನೇ ತೀರ್ಮಾನಿಸದೆ ಮನುಷ್ಯರ ಕಣ್ಣಿಗೆ ಕಳಿಸಬಹುದು.

ಕಲಂ ಹತ್ತೊಂಬತ್ತು:

ಒಂದು ತೊಡಕಿದೆ. ತುಣುಕಿನ ನಿಯಮ ವಿಡಿಯೋಗೆ, ಪುಸ್ತಕಕ್ಕೆ ಸರಿಹೋಗುತ್ತದೆ. ಛಾಯಾಚಿತ್ರದ ತುಣುಕು ಅಂದರೆ ಏನು? ಚಿತ್ರವನ್ನು ವಿಮರ್ಶೆ ಮಾಡಬೇಕಾದರೆ ಪೂರ್ತಿ ತೋರಿಸಲೇಬೇಕು. ಅಳತೆಯ ಲೆಕ್ಕದಲ್ಲಿ ವಿಮರ್ಶಕನೂ ಕದ್ದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಬೆಳಕುಗಿಂಡಿ ಅವರೇ, ಇದಕ್ಕೆ ನಿಮ್ಮ ಉತ್ತರವೇ ನನಗೆ ಬೇಕು.

ಬೆಳಕುಗಿಂಡಿ:

ಯೋಚಿಸಿಯೇ ಬರೆಯುತ್ತಿದ್ದೇನೆ. ಚಿತ್ರ ಪೂರ್ತಿ ಹಾಕಿ, ನನ್ನ ಹೆಸರು ಹಾಕಿ, ಆ ಚಿತ್ರದ ಬಗ್ಗೆಯೇ ಬರೆದಿದ್ದರೆ ನಾನು ದೂರು ಕೊಡುವುದಿಲ್ಲ. ಇವಳು ಕ್ಯಾಮೆರಾ ಇಟ್ಟ ಕೋನವೇ ತಪ್ಪು, ಆ ಹೆಂಗಸಿನ ದುಃಖವನ್ನು ಸರಕು ಮಾಡಿದ್ದಾಳೆ ಎಂದು ಬರೆದರೂ ಇಲ್ಲ. ನೋವಾಗುತ್ತದೆ, ಉತ್ತರ ಬರೆಯುತ್ತೇನೆ. ಬೇರಾವುದೋ ಮಾತಿಗೆ ನನ್ನ ಚಿತ್ರವನ್ನು ಎಳೆದು ತಂದು ಅಂಟಿಸಿದ್ದರೆ, ಅದು ನನಗೆ ಹಿಡಿಸಿದ ಮಾತೇ ಆಗಿದ್ದರೂ, ಕೇಳದೆ ಮಾಡಿದ್ದಕ್ಕೆ ತೆಗೆಸುತ್ತೇನೆ. ದೃಶ್ಯದಾಚೆ ಹೇಳಿದ ಆ ಪ್ರಶ್ನೆ ಅರ್ಜಿಯಲ್ಲಿ ಬಂದರೆ ಪ್ರಮಾಣ ಮಾಡಿಯೇ ಉತ್ತರ ಬರೆಯುತ್ತೇನೆ. ಪೋಸ್ಟರಿನ ವಿಷಯದಲ್ಲಿ ಅದಕ್ಕೆ ಒಂದು ಸಾಲು ಸಾಕಿತ್ತು.